ಹೆಬ್ಬೆರಳಿನ ಜಾಗ

ಆ ತಿಂಗಳು ನಾನು ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ, ಎಲ್ಲರ ಹೆಬ್ಬೆರಳು ನೋಡುತ್ತಿದ್ದೆ. ಹಾಲಿನವನದು ಗಿಡ್ಡ, ಬುಡದಲ್ಲಿ ದಪ್ಪ. ಬಸ್ ಕಂಡಕ್ಟರನದು ಟಿಕೆಟ್ ಮಶೀನು ಒತ್ತಿ ಒತ್ತಿ ತುದಿಯಲ್ಲಿ ಚಪ್ಪಟೆ. ನಮ್ಮವ್ವ ರೊಟ್ಟಿ ಬಡಿಯುವಾಗ ಅವಳ ಹೆಬ್ಬೆರಳು ಹೊರಗೆ ಚಾಚಿಕೊಂಡು, ಉಳಿದ ನಾಲ್ಕರ ಜೊತೆ ತನಗೆ ಮಾತೇ ಇಲ್ಲವೆಂಬಂತೆ ನಿಲ್ಲುತ್ತಿತ್ತು. ಸಿಕ್ಕವರನ್ನೆಲ್ಲ ಕೂರಿಸಿ, ಕಾಗದದ ಮೇಲೆ ಕೈ ಇಡಿಸಿ, ಸುತ್ತಲೂ ಪೆನ್ಸಿಲ್ ಎಳೆದು ಅಳತೆ ಬರೆದುಕೊಳ್ಳುತ್ತಿದ್ದೆ. ಬೆಟಗೇರಿಯ ನಮ್ಮ ಓಣಿಯ ಮೂವತ್ತೊಂದು ಜನರ ಕೈಗಳು ನನ್ನ ಫೈಲಿನಲ್ಲಿದ್ದವು.

ಗವಿಸಿದ್ದಪ್ಪನ ಮೊಮ್ಮಗಳು ಸುಶ್ಮಿತಾ ಕೈ ನೋಡಿ ಭವಿಷ್ಯ ಹೇಳುತ್ತಾಳಂತೆ ಎಂದು ನನ್ನ ಬಗ್ಗೆ ಖಬರು ಹೇಗೋ ಹರಡಿತು. ಹಿಂದಿನ ಓಣಿಯ ಹೆಂಗಸೊಬ್ಬಳು ತಾನಾಗಿಯೇ ಬಂದು, ಕೈಯ ಚಿತ್ರ ಬರೆಸಿಕೊಂಡು, "ಮಗಳ ಲಗ್ನ ಯಾವಾಗವ್ವಾ?" ಎಂದು ಕೇಳಿದಳು.

"ನಿಮ್ಮ ಹೆಬ್ಬಟ್ಟು ಐವತ್ತೆಂಟು ಮಿಲಿಮೀಟರ್ ಐತ್ರಿ" ಎಂದೆ.

ಆಕೆಗೆ ಅದು ಒಳ್ಳೆಯ ಲಕ್ಷಣವೆನಿಸಿರಬೇಕು. ಖುಷಿಯಿಂದ ಎದ್ದು ಹೋದಳು.

ಇಷ್ಟಕ್ಕೆಲ್ಲ ಕಾರಣ ಲಕ್ಷ್ಮೇಶ್ವರದ ಜಾಸ್ಮಿನ. ಆಕೆ ಕೈಯಲ್ಲಿ ಹಿಡಿದು ಆಡುವ ಒಂದು ಗೇಮ್ ಮಶೀನು ಮಾಡಿದ್ದಳು. ಹೆಸರು 'ಬುಗುರಿ'. ಒಳಗಿನದೆಲ್ಲ ತಯಾರಾಗಿತ್ತು: ಬೋರ್ಡು, ಬೋರ್ಡಿಗೆ ಅಂಟಿಕೊಂಡ ಸ್ಕ್ರೀನು, ವೈರಿನ ತುದಿಯಲ್ಲಿ ತೂಗಾಡುವ ಎರಡು ಪುಟ್ಟ ಬಟನ್ ಬೋರ್ಡುಗಳು. ಕುರಿಯೊಂದು ಬಂಡೆಯಿಂದ ಬಂಡೆಗೆ ಹಾರುವ ಆಟವನ್ನೂ ಆಕೆಯೇ ಬರೆದಿದ್ದಳು. ಇಲ್ಲದ್ದು ಒಂದೇ, ಹೊರಗಿನ ಕೇಸು. ಅದಕ್ಕಾಗಿ ನನ್ನನ್ನೂ ಸೇರಿ ಮೂವರು ಡಿಸೈನರುಗಳನ್ನು ಆರಿಸಿ, ಮೂವರಿಗೂ ಒಂದೊಂದು ಸೆಟ್ ಬೋರ್ಡು ಕೊಟ್ಟಿದ್ದಳು. ಮೇ ತಿಂಗಳ ಮೂರನೆಯ ಬುಧವಾರ, ಮುಂಜಾನೆ ಹತ್ತಕ್ಕೆ, ಮೂವರ ಕೇಸುಗಳೂ ಆಕೆಯ ಮನೆಯಲ್ಲಿರಬೇಕು. ನಾಲ್ಕು ಮಂದಿ ಒಂದೊಂದನ್ನೂ ಅರ್ಧ ಗಂಟೆ ಆಡುತ್ತಾರೆ. ಯಾವ ಕೇಸು ಹಿಡಿದಾಗ ಕೈ ಕಡಿಮೆ ನೋಯುತ್ತದೋ ಆ ಕೇಸಿನವರಿಗೆ ಕೆಲಸ. ಚಂದ ಕಾಣುವುದಕ್ಕೆ ಅಂಕವಿಲ್ಲ.

ನನಗೆ ಆ ಕೆಲಸ ಬೇಕಿತ್ತು, ಬಹಳ ಬೇಕಿತ್ತು. ಮುಂಡರಗಿಯ ಗಾಳಿಗಿರಣಿ ಕಂಪನಿಯ ಆಫೀಸಿನಿಂದ ಬಂದ ಕೆಲಸದ ಪತ್ರವನ್ನು ಅವ್ವ ಫ್ರಿಜ್ಜಿನ ಮೇಲೆ ಅಂಟಿಸಿದ್ದಳು. ಬೇರೆ ಯಾರೋ ಬರೆದ ಗಾಳಿಗಂಬದ ನಕ್ಷೆಗಳನ್ನು ನಾನು ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಬರೆಯಬೇಕು. ಕಂಬ ಎಂಬತ್ತು ಮೀಟರ್. ಅದನ್ನು ಜಗತ್ತಿನಲ್ಲಿ ಯಾರೂ ಕೈಯಲ್ಲಿ ಹಿಡಿಯುವುದಿಲ್ಲ. ಅವ್ವನ ಜೊತೆ ಒಪ್ಪಂದವಾಗಿತ್ತು: ಬುಧವಾರ ಕೆಲಸ ಸಿಕ್ಕರೆ ಸರಿ, ಸಿಗದಿದ್ದರೆ ಸೋಮವಾರ ಮುಂಡರಗಿ ಬಸ್ಸು.

ಕೇಸಿನ ಮೊದಲ ಆರು ಮಾದರಿಗಳನ್ನು ನಾನು ಚಪಾತಿ ಕಣಕದಲ್ಲಿ ಮಾಡಿದೆ. ಕಣಕದ ಉಂಡೆಯನ್ನು ಎರಡು ಕೈಯಲ್ಲಿ ಹಿಡಿದು, ಆಟ ಆಡುವವಳಂತೆ ಒತ್ತಿದರೆ ಬೆರಳುಗಳು ತಮಗೆ ಬೇಕಾದ ಜಾಗವನ್ನು ತಾವೇ ಮಾಡಿಕೊಳ್ಳುತ್ತವೆ. ಐದನೆಯ ಮಾದರಿಯನ್ನು ಅವ್ವ ಲಟ್ಟಿಸಿ ಬೇಯಿಸಿಬಿಟ್ಟಳು. ಆರನೆಯದು ನನಗೆ ಒಪ್ಪಿಗೆಯಾಯಿತು. ನಡುವೆ ಸ್ಕ್ರೀನು. ಎಡಕ್ಕೆ ಕುರಿಯನ್ನು ನಡೆಸುವ ಪ್ಲಸ್ ಆಕಾರದ ಬಟನ್, ಬಲಕ್ಕೆ ಹಾರಿಸಲು, ನಿಲ್ಲಿಸಲು ಎರಡು ದುಂಡು ಬಟನ್. ಎಲ್ಲ ಬಟನ್‌ಗಳೂ ಕೇಸಿನ ಕೆಳಗಿನ ಅರ್ಧದಲ್ಲಿ, ಏಕೆಂದರೆ ನಾನು ಚಿತ್ರಗಳಲ್ಲಿ ನೋಡಿದ ಎಲ್ಲ ಮಶೀನುಗಳಲ್ಲೂ ಹಾಗೇ ಇತ್ತು. ಮೂವತ್ತೊಂದು ಕೈಗಳೂ ಹೌದು ಅಂದಿದ್ದವು.

ಭಾನುವಾರ ನಕ್ಷೆ ಮುಗಿಸಿ ಅಂಬರೀಶಣ್ಣನಿಗೆ ಕಳಿಸಿದೆ. ಆತ ಬೆಟಗೇರಿಯಲ್ಲಿ ನಾಮಫಲಕ, ಕೀ ಚೈನು, ಕಬಡ್ಡಿ ಪಂದ್ಯದ ಕಪ್ಪು ಮಾಡುವವನು. ಅಂಗಡಿಯ ಮೂಲೆಯಲ್ಲಿ ಒಂದು ತ್ರೀಡಿ ಪ್ರಿಂಟರ್ ಇದೆ, ಪ್ಲಾಸ್ಟಿಕ್ಕಿನ ದಾರ ಕರಗಿಸಿ ಪದರದ ಮೇಲೆ ಪದರ ಇಡುತ್ತ ವಸ್ತು ಎಬ್ಬಿಸುತ್ತದೆ. ನಕ್ಷೆಯ ಒಂದು ಕಾಗದದ ಪ್ರತಿಯನ್ನು ಮೇಜಿನ ಮೇಲೆ ಬಿಟ್ಟು, ಅದರ ತಲೆಗೆ 'ಅಂಬರೀಶಣ್ಣನ ಮಶೀನಿಗೆ' ಎಂದು ಬರೆದು, ಸ್ಕ್ರೂ ತರಲು ನಾನು ಗದಗಿನ ಪೇಟೆಗೆ ಹೋದೆ.

ಆ ಕಾಗದವನ್ನು ಅಜ್ಜ ನೋಡಿದ.

ನಮ್ಮಜ್ಜ ಗವಿಸಿದ್ದಪ್ಪ ಗದಗಿನ ಛಾಪಖಾನೆಗಳಲ್ಲಿ ಐವತ್ತೊಂದು ವರ್ಷ ಅಕ್ಷರದ ಮೊಳೆ ಜೋಡಿಸಿದವನು. ಪಂಚಾಂಗ, ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್ಲು, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲವೂ ಅವನ ಬೆರಳ ತುದಿಯಿಂದ ಹೋದವು. ಆ ಐವತ್ತೊಂದು ವರ್ಷ ಅವನಿಗೆ ಒಂದು ಕಾನೂನು ಕಲಿಸಿದ್ದವು: ಮಶೀನಿಗೆ ಹೋಗುವುದು ಉಲ್ಟಾ ಇರಬೇಕು, ಆಗಲೇ ಕಾಗದದ ಮೇಲೆ ಸೀದಾ ಬೀಳುತ್ತದೆ. ಒಮ್ಮೆ ಚಿತ್ರದ ಅಚ್ಚಿನ ಬ್ಲಾಕ್ ಮಾಡುವವನು ಇದನ್ನು ಮರೆತು, ಕ್ಯಾಲೆಂಡರಿನ ಗಣಪತಿಯ ಸೊಂಡಿಲು ಆ ಕಡೆ ತಿರುಗಿ, ಸಾವಿರ ಹಾಳೆ ರದ್ದಿಗೆ ಹೋಗಿತ್ತಂತೆ. ನನ್ನ ನಕ್ಷೆ ಸೀದಾ ಇತ್ತು. ಮೇಲೆ 'ಮಶೀನಿಗೆ' ಎಂದು ಬರೆದಿತ್ತು. ಮೊಮ್ಮಗಳು ಎಡವಿದ್ದಾಳೆ ಎಂದು ಅಜ್ಜನಿಗೆ ಖಾತ್ರಿಯಾಯಿತು. ಅಂಬರೀಶಣ್ಣನಿಗೆ ಫೋನು ಹಚ್ಚಿದ. ನನಗೆ ಹೇಳಲಿಲ್ಲ. ಹೇಳಿದರೆ ಹುಡುಗಿಗೆ ನಾಚಿಕೆಯಾಗುತ್ತದೆ ಎಂಬ ಕಾಳಜಿ.

ಕೇಸಿನ ಮುಂದಿನ, ಹಿಂದಿನ ಎರಡೂ ಭಾಗ ಸೇರಿ ಪ್ರಿಂಟರಿಗೆ ಇಪ್ಪತ್ತು ತಾಸಿನ ಕೆಲಸ, ಸೋಮವಾರವೆಲ್ಲ ಕರೆಂಟಿಗಾಗಿ ಕಾಯುವುದರಲ್ಲಿ ಹೋಯಿತು. ಮಂಗಳವಾರ ಸಂಜೆ ನಾಲ್ಕಕ್ಕೆ ನಾನು ಅಂಗಡಿಗೆ ಹೋದಾಗ ಕೇಸು ಟೇಬಲ್ಲಿನ ಮೇಲಿತ್ತು. ಬಿಳಿ, ಇನ್ನೂ ಸ್ವಲ್ಪ ಬೆಚ್ಚಗೆ. ಎತ್ತಿಕೊಂಡೆ. ನನ್ನ ಎಡ ಹೆಬ್ಬೆರಳು ಪ್ಲಸ್ಸಿನ ತೂತಿಗೆ ಹೋಗಿ, ಅಲ್ಲಿ ಎರಡು ದುಂಡು ತೂತು ಕಂಡು, ಗಲಿಬಿಲಿಗೊಂಡು ನಿಂತಿತು.

"ಅಂಬರೀಶಣ್ಣ, ಪ್ಲಸ್ ಯಾಕ ಬಲಕ್ಕ ಐತಿ?"

ಆತ ಕಬಡ್ಡಿ ಕಪ್ಪಿಗೆ ಹೆಸರು ಕೊರೆಯುತ್ತಿದ್ದವನು ತಲೆ ಎತ್ತಲಿಲ್ಲ. "ಅಜ್ಜಾರು ಫೋನ್ ಮಾಡಿದ್ರು."

"ಏನಂದ?"

"ಹುಡುಗಿ ಮಶೀನಿಗೆ ಸೀದಾ ಕೊಟ್ಟಾಳ, ಉಲ್ಟಾ ಹೊಡಿಲೇ ಅಂದ್ರು."

"ಇದು ಛಾಪಾ ಮಶೀನೇನಣ್ಣ? ನೀ ಮೂರು ವರ್ಷದಿಂದ ನಡಸಾಕತ್ತಿ ಇದನ್ನ! ಕಪ್ಪಿನ ಮ್ಯಾಲೆ ಹೆಸರು ಉಲ್ಟಾ ಹೊಡೀತಿಯೇನು?"

ಅಂಬರೀಶಣ್ಣ ಈಗ ತಲೆ ಎತ್ತಿದ. ಮೂವತ್ತಾರು ವರ್ಷದ, ಮೀಸೆ ಬಿಟ್ಟ ಗಂಡಸು. ಛಾಪಖಾನೆ ಮುಚ್ಚುವ ಮೊದಲು ನಾಲ್ಕು ವರ್ಷ ನಮ್ಮಜ್ಜನ ಪಕ್ಕದಲ್ಲಿ ನಿಂತು ಕೆಲಸ ಕಲಿತವನು. "ನಂಗೂ ಗೊತ್ತವಾ. ಆದ್ರ ಅವರ ದನಿ ಕೇಳಿದ ಕೂಡಲೇ ನನ್ನ ಕೈ ತಾನಾಗೇ ಹೋತು. ಎಡಬಲ ತಿರುಗಿಸೂ ಮಿರರ್ ಒತ್ತಿಬಿಟ್ಟೆ. ಅರ್ಧಾ ಕೇಸ್ ಬಂದಮ್ಯಾಲೆ ನೆನಪಾತು, ಅಯ್ಯ, ಇದು ಛಾಪಿಸೂದಲ್ಲಲ್ಲ ಅಂತ."

"ಆಗರ ನಿಲ್ಲಸಬೇಕಿಲ್ಲ?"

"ಅಜ್ಜಾರಿಗೆ ಏನಂತ ಹೇಳಲಿ?"

ಮತ್ತೆ ಪ್ರಿಂಟ್ ಹಾಕಿದರೆ ಬುಧವಾರ ಮಧ್ಯಾಹ್ನ. ಲಕ್ಷ್ಮೇಶ್ವರದಲ್ಲಿ ಹತ್ತಕ್ಕೆ ಇರಬೇಕು. ನಾನು ಸ್ಟೂಲಿನ ಮೇಲೆ ಕುಳಿತೆ. ಎಂಬತ್ತು ಮೀಟರಿನ ಕಂಬಗಳು ಒಂದೊಂದಾಗಿ ನನ್ನ ಕಣ್ಣ ಮುಂದೆ ಎದ್ದು ನಿಂತವು.

ಮನೆಗೆ ಬಂದಾಗ ಅಜ್ಜ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಹಿಂದೆಯೇ ಅಂಬರೀಶಣ್ಣ, ತಪ್ಪು ಮಾಡಿದವನಂತೆ ಗೇಟಿನ ಹೊರಗೇ ನಿಂತ. ನಾನು ಕೇಸನ್ನು ಅಜ್ಜನ ಮುಂದಿಟ್ಟೆ.

"ಚಲೋ ಬಂದೈತೇನು?" ಎಂದ ಅಜ್ಜ.

"ಉಲ್ಟಾ ಬಂದೈತಿ."

"ಹೆಂಗ ಬರತೈತಿ? ನಾನೇ ಹೇಳಿ ಉಲ್ಟಾ ಕೊಡಿಸೇನಿ."

"ಅದಕ್ಕ ಉಲ್ಟಾ ಬಂದೈತಿ, ಅಜ್ಜಾ. ಈ ಮಶೀನ್ ಕಾಗದಕ್ಕ ಒತ್ತಂಗಿಲ್ಲ. ಏನು ಕೊಡತೀವೋ ಅದನ್ನ ಮಾಡತೈತಿ."

ಅಜ್ಜ ಚಹಾದ ಬಸಿ ಕೆಳಗಿಟ್ಟ. ಗೇಟಿನ ಕಡೆ ನೋಡಿದ. "ಅಂಬ್ಯಾ, ಖರೆ ಏನಲೇ?"

"ಹೌದ್ರಿ ಅಜ್ಜಾರ."

"ಮತ್ತ ನೀ ಯಾಕ ಹೇಳಲಿಲ್ಲೋ ಮಬ್ಬ?"

"ನೀವು ಫೋನ್ ಇಟ್ಟಬಿಟ್ಟಿದ್ರಿ."

ನಾನು ಬೈಯಬೇಕೆಂದಿದ್ದೆ. ಅಂಗಡಿಯಿಂದ ಹೊರಟಾಗಿನಿಂದ ಮಾತು ಜೋಡಿಸಿಕೊಂಡು ಬಂದಿದ್ದೆ. ಆದರೆ ಅಜ್ಜ ಕನ್ನಡಕ ಹಾಕಿಕೊಂಡು, ಕೇಸನ್ನು ಎತ್ತಿ, ಅದರ ತಲೆಯನ್ನು ಕೆಳಗೆ ಮಾಡಿ ಹಿಡಿದು ನೋಡತೊಡಗಿದ. ಮೊಳೆ ಜೋಡಿಸುವವರು ಹಾಗೇ ನೋಡುವುದು. ಕೈಯಲ್ಲಿ ಹಿಡಿದ, ಮೊಳೆ ಕೂರಿಸುವ ಸ್ಟಿಕ್ಕಿನಲ್ಲಿ ಅಕ್ಷರಗಳು ತಲೆಕೆಳಗಾಗಿ ಕೂತಿರುತ್ತವೆ, ಅವರು ಅವನ್ನು ಹಾಗೆಯೇ ಎಡದಿಂದ ಬಲಕ್ಕೆ ಓದುತ್ತಾರೆ. ಉಲ್ಟಾ ಆದದ್ದನ್ನು ಕಂಡರೆ ಅಜ್ಜನ ಕೈ ಅದನ್ನು ತಿರುವಿ ಹಿಡಿಯುತ್ತದೆ, ಅಷ್ಟೇ.

"ಈಗ ಬರೋಬ್ಬರಿ ಐತಲ್ಲ" ಎಂದ.

"ಎಲ್ಲಿ ಬರೋಬ್ಬರಿ..." ಎನ್ನುತ್ತ ನೋಡಿದೆ.

ಪ್ಲಸ್ಸಿನ ತೂತು ಅಜ್ಜನ ಎಡ ಹೆಬ್ಬೆರಳಿನ ಕೆಳಗಿತ್ತು.

"ಅಜ್ಜಾ, ಅಳ್ಳಾಡಬ್ಯಾಡ. ಹಂಗ ಹಿಡಿ."

"ಯಾಕವಾ?"

"ಹಿಡಿ ಅಂದ್ರ ಹಿಡಿ. ಅಂಬರೀಶಣ್ಣ, ಒಳಗ ಬಾ, ಬೋರ್ಡನ್ನೂ ತಲಿ ಕೆಳಗ ಮಾಡಿ ಕುಂಡರಿಸಿದ್ರ?"

ಅಂಬರೀಶಣ್ಣ ಒಂದೇ ಜಿಗಿತಕ್ಕೆ ಕಟ್ಟೆ ಏರಿದ. ಬೋರ್ಡಿನ ನಾಲ್ಕು ಸ್ಕ್ರೂಗಳು ನಾಲ್ಕು ಮೂಲೆಗೆ, ತಿರುಗಿಸಿದರೂ ಅದೇ ಜಾಗ. ಚಾರ್ಜಿಂಗ್ ತೂತು ಸರಿಯಾಗಿ ನಡುವೆ ಇತ್ತು, ಅದು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಅಷ್ಟೇ. ಬಟನ್ ಬೋರ್ಡುಗಳಿಗೆ ಉದ್ದದ ವೈರಿದೆ, ಎಲ್ಲಿ ಬೇಕಾದರೂ ಹೋಗುತ್ತವೆ. ಸ್ಕ್ರೀನಿನ ಚಿತ್ರ ಮಾತ್ರ ತಲೆಕೆಳಗಾಗಿ ಕಾಣುತ್ತದೆ. ಅದನ್ನು ತಿರುಗಿಸಲು ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಿಸಬೇಕು. ಅಂಬರೀಶಣ್ಣ ಬದಲಿಸಿದ. ಕುರಿ ಕಾಲೂರಿ ನಿಂತಿತು. ಅವ್ವ ಸಂಜೆಯ ದೀಪ ಹಚ್ಚುವಷ್ಟರಲ್ಲಿ ಕೊನೆಯ ಸ್ಕ್ರೂ ಬಿಗಿಯಾಯಿತು.

ಒಂದು ಮಾತ್ರ ಉಳಿಯಿತು. ಕೇಸು ತಿರುಗಿದ್ದರಿಂದ, ಕೆಳಗಿನ ಅರ್ಧದಲ್ಲಿದ್ದ ನನ್ನ ಬಟನ್‌ಗಳೆಲ್ಲ ಈಗ ಮೇಲಿನ ಅರ್ಧಕ್ಕೆ ಬಂದಿದ್ದವು. ಅಂಥ ಮಶೀನನ್ನು ನಾನು ಯಾವ ಚಿತ್ರದಲ್ಲೂ ನೋಡಿರಲಿಲ್ಲ. ಮೂವತ್ತೊಂದು ಕೈಗಳಲ್ಲಿ ಒಂದೂ ಹೆಬ್ಬೆರಳನ್ನು ಅಲ್ಲಿ ಇಟ್ಟಿರಲಿಲ್ಲ. ಅರ್ಧ ಗಂಟೆ ಆಡಿ ನೋಡಬೇಕಿತ್ತು, ಧೈರ್ಯ ಬರಲಿಲ್ಲ. ನೋವಾದರೂ ಮಾಡುವುದೇನಿತ್ತು? ಹಳೆಯ ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ.

ಮುಂಜಾನೆ ಅಜ್ಜ ಇಸ್ತ್ರಿ ಮಾಡಿದ ಧೋತರ ಉಟ್ಟು ಬಾಗಿಲಲ್ಲಿ ನಿಂತಿದ್ದ.

"ನೀ ಎಲ್ಲಿಗೆ?"

"ತಪ್ಪು ನಂದು. ಬೈಸಿಕೊಳ್ಳಾಕರ ಒಬ್ಬ ಬೇಕಲ್ಲ."

ಲಕ್ಷ್ಮೇಶ್ವರದ ಬಸ್ಸು ಸೊರಟೂರ ದಾಟಿ ಶಿರಹಟ್ಟಿ ಮುಟ್ಟಿತು. ನಿಲ್ದಾಣದಲ್ಲಿ ಅಜ್ಜ ಬಜಿ ಕೊಂಡು ನನ್ನ ಕೈಗಿಟ್ಟ. ಎಣ್ಣೆಯ ಕೈಯಲ್ಲಿ ಮಶೀನು ಮುಟ್ಟಬಾರದು ಎಂದೆ. ಹಾಗಾದರೆ ತಾನೇ ತಿನ್ನುತ್ತೇನೆಂದು ಎರಡು ಪಾಲನ್ನೂ ತಿಂದ. ಪಶ್ಚಾತ್ತಾಪ ಅವನ ಹಸಿವೆಯನ್ನು ಕಡಿಮೆ ಮಾಡಿರಲಿಲ್ಲ.

ಜಾಸ್ಮಿನಳ ಮನೆಯ ಮೇಲಿನ ಕೋಣೆಯಲ್ಲಿ ಜಮಖಾನೆ ಹಾಸಿತ್ತು. ಹುಬ್ಬಳ್ಳಿಯ ಡಿಸೈನರ್ ಆಗಲೇ ಬಂದು ಕುರ್ಚಿಯಲ್ಲಿ ಕುಳಿತಿದ್ದ. ಅವನ ಕೇಸು ಕಪ್ಪು, ಕನ್ನಡಿಯಂತೆ ಮಿಂಚುತ್ತಿತ್ತು. ಮೂರನೆಯದು ಧಾರವಾಡದಿಂದ ಕೊರಿಯರಿನಲ್ಲಿ ಬಂದಿತ್ತು, ಹಸಿರು ಬಣ್ಣದ್ದು. ನನ್ನದನ್ನು ಟವೆಲ್ಲಿನಿಂದ ಬಿಚ್ಚಿದಾಗ ಹುಬ್ಬಳ್ಳಿಯವನು ಒಮ್ಮೆ ನೋಡಿ, ಮತ್ತೆ ನೋಡಿ, ಸಭ್ಯತೆಯಿಂದ ಕಿಟಕಿಯ ಕಡೆ ತಿರುಗಿದ.

ಆಡುವವರು ನಾಲ್ವರು: ಓಣಿಯ ಒಬ್ಬ ಆಟೋ ಚಾಲಕ, ಬೇಸಿಗೆ ಸೂಟಿಯಲ್ಲಿದ್ದ ಇಬ್ಬರು ಶಾಲೆಯ ಹುಡುಗಿಯರು, ಮತ್ತು ಜಾಸ್ಮಿನಳ ತಾಯಿ ಹಸೀನಾಬಿ. ಹಸೀನಾಬಿ ಹಳೆ ಬಟ್ಟೆ ಜೋಡಿಸಿ ಹೊಲಿಯುತ್ತಿದ್ದ ಕೌದಿಯನ್ನು ತೊಡೆಯ ಮೇಲಿಂದ ತೆಗೆಯದೆಯೇ ಕುಳಿತಿದ್ದರು. ಜಾಸ್ಮಿನ ಗೋಡೆಗೆ ಮೂರು ಕಾಗದ ಅಂಟಿಸಿ, ಕೈಯಲ್ಲಿ ಪೆನ್ನು ಹಿಡಿದಳು.

"ಯಾರರ ಮಶೀನ್ ಕೆಳಗಿಟ್ಟು ಕೈ ಝಾಡಿಸಿದ್ರ ಒಂದು ಗೆರಿ ಎಳೀತೇನಿ" ಎಂದಳು. "ಮಾತಾಡಿ ಹೇಳೂದೇನೂ ಬ್ಯಾಡ. ಬಾಯಿ ಸುಳ್ಳು ಹೇಳತೈತಿ."

ಕಪ್ಪು ಕೇಸಿಗೆ ಹದಿನೈದು ಗೆರೆ ಬಿದ್ದವು. ಅದರಲ್ಲಿ ಆರು ಹಸೀನಾಬಿಯವರದೇ. ಹಸಿರಿಗೆ ಹನ್ನೊಂದು. ಆಮೇಲೆ ನನ್ನದು. ನಾಲ್ವರೂ ಸರದಿಯಂತೆ ಆಡಬೇಕು, ಮೊದಲು ಆಟೋ ಚಾಲಕ.

"ಇದೇನ್ರಿ, ಬಟನ್ ಅಟ್ಟ ಹತ್ಯಾವು!" ಎಂದು ಆತ ನಕ್ಕ. ಅಜ್ಜ ತನ್ನ ಧೋತರದ ಅಂಚು ನೋಡಿಕೊಂಡ.

ನಕ್ಕವನು ಆಡತೊಡಗಿದ. ಐದು ನಿಮಿಷ. ಹತ್ತು. ಗೋಡೆಗೆ ಒರಗಿದ, ಮೊಣಕಾಲು ಮೇಲೆತ್ತಿ ಮಶೀನಿನ ಕೆಳ ಅಂಚನ್ನು ಅದರ ಮೇಲೆ ಊರಿದ. ಒಂದೇ ಸಲ ಕೈ ಝಾಡಿಸಿದ. ದೊಡ್ಡ ಹುಡುಗಿ ಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗಿಯೇ ಆಡಿದಳು, ಒಂದು ಗೆರೆ. ಹಸೀನಾಬಿಯವರ ಸರದಿ ಬಂದಾಗ ಅವರು ಮಶೀನನ್ನು ತೊಡೆಯ ಮೇಲಿನ ಕೌದಿಯ ಮಡಿಕೆಯಲ್ಲಿ ಹುಗಿದು ನಿಲ್ಲಿಸಿದರು. ಕೆಳಗಿನ ಅರ್ಧ ಪೂರಾ ಕೌದಿಯೊಳಗೆ. ಹೆಬ್ಬೆರಳುಗಳೆರಡೂ ಮೇಲೆ, ಆರಾಮಾಗಿ. ಆಗ ನನಗೆ ಕಂಡಿತು. ಮೂವತ್ತೊಂದು ಕೈಗಳನ್ನು ನಾನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿಸಿ ಅಳೆದಿದ್ದೆ. ಆಟ ಆಡುವಾಗ ಯಾವ ಕೈಯೂ ಮೇಜಿನ ಮೇಲೆ ಇರುವುದಿಲ್ಲ. ಜನ ಒರಗುತ್ತಾರೆ, ಮಲಗುತ್ತಾರೆ, ಎಲ್ಲಿಯಾದರೂ ಊರುತ್ತಾರೆ. ಊರಿದ ಮಶೀನಿನ ಕೆಳಗಿನ ಭಾಗದಲ್ಲಿ ಬಟನ್ ಇದ್ದರೆ ಹೆಬ್ಬೆರಳು ತೊಡೆಗೆ ತಗುಲಿ ಮುದುಡುತ್ತದೆ.

ಹಸೀನಾಬಿಯವರಿಂದ ಒಂದೂ ಗೆರೆ ಬೀಳಲಿಲ್ಲ. ಕೊನೆಗೆ ಸಣ್ಣ ಹುಡುಗಿ. ಆಕೆ ನಾಲ್ಕು ಸಲ ಕೈ ಝಾಡಿಸಿದಳು. ಒಟ್ಟು ಆರು.

ಜಾಸ್ಮಿನ ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆ ತಿರುಗಿದಳು. "ಎಲ್ಲಾರೂ ಬಟನ್ ಕೆಳಗ ಇಡತಾರ. ನೀ ಯಾಕ ಮ್ಯಾಲೆ ಇಟ್ಟಿ?"

ಹುಬ್ಬಳ್ಳಿಯವನೂ ಕಿಟಕಿ ಬಿಟ್ಟು ಈ ಕಡೆ ನೋಡಿದ. ಉತ್ತರ ನನ್ನ ಬಾಯಲ್ಲಿ ತಯಾರಾಗಿಯೇ ಇತ್ತು. ಜನ ತೊಡೆಯ ಮೇಲೆ ಊರುತ್ತಾರೆ, ಅದಕ್ಕೇ ಮೇಲೆ ಇಟ್ಟೆ. ಮೊದಲ ಅರ್ಧ ನಿಜವೇ. ಅದನ್ನು ಹೇಳಿದರೆ ಕೆಲಸ ನನ್ನದು, ಮುಂಡರಗಿ ಬಸ್ಸು ನನ್ನನ್ನು ಬಿಟ್ಟು ಹೋಗುತ್ತದೆ. ಪಕ್ಕದಲ್ಲಿ ಅಜ್ಜ ಗಂಟಲು ಸರಿ ಮಾಡಿಕೊಂಡ.

"ನಾ ಇಡಲಿಲ್ರಿ" ಎಂದೆ. "ತಪ್ಪಾಗಿ ಹೋಗ್ಯಾವು."

"ತಪ್ಪು ನಂದ್ರೀ" ಎಂದ ಅಜ್ಜ, ಎದ್ದು ನಿಂತು. "ಮಶೀನ್ ಅಂದ್ಲು. ಉಲ್ಟಾ ಕೊಡಿಸಿದೆ. ಐವತ್ತೊಂದು ವರ್ಷ ಹಂಗ ಕೊಟ್ಟೇನಿ, ಒಮ್ಮೆನೂ ತಪ್ಪಿಲ್ಲ. ಈ ಸಲ ತಪ್ಪೇತಿ."

ಇಬ್ಬರೂ ಸೇರಿ, ಒಬ್ಬರ ಮಾತಿನಲ್ಲಿ ಒಬ್ಬರು ಬಾಯಿ ಹಾಕುತ್ತ ಎಲ್ಲವನ್ನೂ ಹೇಳಿದೆವು. ಅಂಬರೀಶಣ್ಣನ ಕೈ ತಾನಾಗೇ ಹೋದದ್ದಕ್ಕೆ ಬಂದಾಗ ಹಸೀನಾಬಿ ಸೂಜಿ ಕೆಳಗಿಟ್ಟು ನಕ್ಕರು. "ಯಪ್ಪಾ, ಹಿರ್ಯಾರ ಮಾತು ಕೇಳೂ ಹುಡುಗ್ರು ಇನ್ನೂ ಅದಾರಂತಾತು! ನನ್ನ ಮಗಳಿಗೆ ಒಂದೀಟು ಹೇಳ್ರಿ."

ಮಗಳು ನಗಲಿಲ್ಲ. "ಅಂದ್ರ ಇದು ಯಾಕ ಚಲೋ ಆಗೇತಿ ಅನ್ನೂದು ನಿನಗ ಗೊತ್ತಿಲ್ಲ."

"ನಿನ್ನೆ ಗೊತ್ತಿದ್ದಿಲ್ರಿ. ಈಗ ಗೊತ್ತೈತಿ."

"ಯಾವಾಗ ಗೊತ್ತಾತು?"

"ಅಮ್ಮಾರು ಕೌದ್ಯಾಗ ಹುಗಿದಾಗ." ಫೈಲು ತೆಗೆದು ಮೂವತ್ತೊಂದು ಕೈಗಳನ್ನು ಜಮಖಾನೆಯ ಮೇಲೆ ಹರಡಿದೆ. ಚಪ್ಪಟೆ ಕೈಗಳು, ಒತ್ತಿ ಒಣಗಿಸಿದ ಎಲೆಗಳಂತೆ. "ಇವೆಲ್ಲಾ ಸುಳ್ರಿ. ಮತ್ತ ಅಳೀಬೇಕು. ಕುಂತಾಗ, ಒರಗಿದಾಗ, ಮಲಗಿದಾಗ."

ಜಾಸ್ಮಿನ ಸಣ್ಣ ಹುಡುಗಿಯ ಭುಜ ಹಿಡಿದು ಮುಂದೆ ತಂದಳು. "ಈಕಿ ನಾಕು ಸಲ ಕೈ ಝಾಡಿಸಿದ್ಲಲ್ಲ. ಅದೂ ತಪ್ಪಿನಿಂದ ಆತೇನು?"

ನಾನು ಹುಡುಗಿಯನ್ನು ಗೋಡೆಗೆ ಒರಗಿಸಿ ಕೂರಿಸಿದೆ. ಮಶೀನು ಮೊಣಕಾಲ ಮೇಲೆ. "ಕುರಿ ಹಾರಿಸು" ಎಂದೆ. ಬಲ ಹೆಬ್ಬೆರಳು ಮೊದಲ ದುಂಡು ಬಟನ್ನಿನವರೆಗೆ ಸಲೀಸಾಗಿ ಹೋಯಿತು. ಎರಡನೆಯದಕ್ಕೆ ಚಾಚುವಾಗ ಆಕೆಯ ಇಡೀ ಮುಂಗೈ ಎದ್ದು ತಿರುಗಿತು. ಕಿಸೆಯಿಂದ ಸ್ಕೇಲು ತೆಗೆದು, ಬೆರಳ ತುದಿಗೂ ಬಟನ್ನಿಗೂ ನಡುವೆ ಹಿಡಿದೆ.

"ಇದು ನನ್ನ ತಪ್ಪ್ರಿ, ಅಜ್ಜಂದಲ್ಲ. ಎರಡನೇ ಬಟನ್ ಆರು ಮಿಲಿಮೀಟರ್ ಒಳಗ ಬರಬೇಕು. ಕೇಸಿನ ಹಿಂದಿನ ಉಬ್ಬೂ ಈಕಿಗೆ ಜಾಸ್ತಿ ಐತಿ, ತಗ್ಗಸ್ತೇನಿ."

ಹುಡುಗಿ ತಲೆ ಎತ್ತಿ, "ಏಳು ಮಾಡ್ರೀ ಅಕ್ಕಾರ" ಎಂದಳು.

ಜಾಸ್ಮಿನ ಗೋಡೆಯ ಕಾಗದಗಳನ್ನು ಒಂದೊಂದಾಗಿ ಕಿತ್ತಳು. ಕಪ್ಪು ಕೇಸನ್ನು ಅದರ ಡಬ್ಬಿಯಲ್ಲಿಟ್ಟು ಹುಬ್ಬಳ್ಳಿಯವನ ಕೈಗೆ ಕೊಟ್ಟು, ಥ್ಯಾಂಕ್ಸ್ ಹೇಳಿದಳು. ಆತ ಒಳ್ಳೆಯವನು. ಹೋಗುವ ಮೊದಲು ನನ್ನ ಕೇಸನ್ನು ಹಿಡಿದು ನೋಡಿ, ಗೋಡೆಗೆ ಒರಗಿ ಒಂದೆರಡು ಬಂಡೆ ಹಾರಿಸಿ, ತಲೆಯಾಡಿಸಿ ಮೆಟ್ಟಿಲಿಳಿದ.

"ಮುಂದಿನ ಬುಧವಾರ ಏಳು ಮಿಲಿಮೀಟರಿಂದು ತಗೊಂಡು ಬಾ" ಎಂದಳು ಜಾಸ್ಮಿನ. "ಆಮ್ಯಾಲೆ ಮುನ್ನೂರು ಪೀಸು. ಎಲ್ಲಾ ನೀನೇ ನೋಡಬೇಕು. ಬ್ಯಾರೆ ಎಲ್ಲೂ ಕೆಲಸಕ್ಕ ಒಪ್ಪಿಲ್ಲಲ್ಲ?"

"ಐದು ನಿಮಿಷ ಕೊಡ್ರಿ" ಎಂದು ನಾನು ಮೆಟ್ಟಿಲ ಮೇಲೆ ಹೋಗಿ ಕುಳಿತು ಮುಂಡರಗಿಗೆ ಫೋನು ಮಾಡಿ, ಕೆಲಸಕ್ಕೆ ಬರುವುದಿಲ್ಲ ಎಂದೆ. ಆಫೀಸಿನವರಿಗೆ ಆಶ್ಚರ್ಯವಾಯಿತು. ಕಾರಣ ಕೇಳಿದರು. ಹೆಬ್ಬೆರಳಿನ ವಿಷಯ ಎಂದೆ. ಪೆಟ್ಟು ಬಿದ್ದಿದೆ ಎಂದುಕೊಂಡಿರಬೇಕು, ಬೇಗ ಗುಣವಾಗಲಿ ಎಂದರು. ಆಮೇಲೆ ಅವ್ವನಿಗೆ ಮಾಡಿದೆ. ಅವ್ವ "ಕಣಕ ನಾದಿ ಇಡ್ಲೇನು?" ಎಂದು ಕೇಳಿದಳು.

ಒಳಗೆ ಬಂದಾಗ ಅಜ್ಜ ಹೊರಡಲು ಚಪ್ಪಲಿ ಹುಡುಕುತ್ತಿದ್ದ. ನಾನು ಟವೆಲ್ ಹಿಡಿದು ಹಸೀನಾಬಿಯವರ ಮುಂದೆ ನಿಂತೆ. ಮಶೀನು ಮತ್ತೆ ಕೌದಿಯ ಮಡಿಕೆಯೊಳಗೆ ಸೇರಿತ್ತು, ಎರಡು ಹೆಬ್ಬೆರಳುಗಳು ಮಾತ್ರ ಹೊರಗೆ ಕುಣಿಯುತ್ತಿದ್ದವು.

"ಅಮ್ಮೀ, ಕೊಡು" ಎಂದಳು ಜಾಸ್ಮಿನ. "ಅವರು ಬಸ್ಸಿಗೆ ಹೋಗಬೇಕು."

ಹಸೀನಾಬಿ ಕಣ್ಣು ಎತ್ತಲಿಲ್ಲ. "ನನ್ನ ಕುರಿಗೆ ಇನ್ನೂ ಎರಡು ಜೀವ ಅದಾವು. ಅವರಿಗೆ ಚಾ ಮಾಡಿ ಕೊಡು ಹೋಗು."